ಕುಡುಕರ ಕೂಟಕ್ಕೆ ಒಯ್ದ ಟಗರುಮರಿ

ನಲ್ಲಂಪಳ್ಳಿಯಿಂದ ಎರಡು ಮೈಲಿ ಒಳಗಿದ್ದ ಕುರುಬರ ಹಟ್ಟಿಯಲ್ಲಿ ಕುಪ್ಪಸ್ವಾಮಿಯನ್ನು ಕೆಟ್ಟವನು ಎಂದು ಯಾರೂ ಅನ್ನುತ್ತಿರಲಿಲ್ಲ. ಬೆಳಗಿನ ಹೊತ್ತು ಅವನಂಥ ಕುರಿಗಾರ ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಯಾವ ಕುರಿ ಮೇವು ಬಿಟ್ಟಿದೆ, ಯಾವುದಕ್ಕೆ ಕಾಲುಬಾಯಿ ಜ್ವರ ಬರುವ ಹಾಗಿದೆ ಅನ್ನುವುದನ್ನು ಅವನು ದೂರದಿಂದಲೇ ನಡಿಗೆ ನೋಡಿ ಹೇಳುತ್ತಿದ್ದ. ತೊಂದರೆ ಇದ್ದದ್ದು ಹೊತ್ತು ಇಳಿದ ಮೇಲಿನ ಕುಪ್ಪಸ್ವಾಮಿಯದು. ಅವನ ಹತ್ತಿರ ಕುರಿ ಬಿಡುವುದಿರಲಿ, ಕುಡುಗೋಲು ಬಿಡಲಿಕ್ಕೂ ಜನ ಹಿಂದೆಮುಂದೆ ನೋಡುತ್ತಿದ್ದರು.

ಪಾನನಿಷೇಧ ಇದ್ದ ಕಾಲದಲ್ಲೂ ಅವನು ಬಾಯಾರಿ ಕೂತವನಲ್ಲ. ಹಳ್ಳದ ಮರೆಯಲ್ಲಿ ಮಡಕೆ ಇಟ್ಟು ಬಟ್ಟಿ ಇಳಿಸುವವರು ಇದ್ದೇ ಇದ್ದರು. ಅಲ್ಲಿಗೆ ಮೂರು ಮೈಲಿ ನಡೆಯಬೇಕಿತ್ತು, ಪೊಲೀಸರ ಭಯ ಬೇರೆ. ೧೯೭೧ರಲ್ಲಿ ಮದ್ರಾಸಿನ ಸರ್ಕಾರ ನಿಷೇಧ ಎತ್ತಿತು. ರಸ್ತೆ ಬದಿಗೇ ಸಾರಾಯಿ ಅಂಗಡಿ ಬಂತು. ಕುಪ್ಪಸ್ವಾಮಿಗೆ ನಡೆಯುವ ಶ್ರಮ ಉಳಿಯಿತು, ಹಾಗೆ ಉಳಿದ ಹೊತ್ತನ್ನೂ ಅವನು ಅಂಗಡಿಯಲ್ಲೇ ಕಳೆದ.

ಅವನ ಸ್ವಂತ ಕುರಿಗಳೆಲ್ಲ ಮೊದಲ ಮಳೆಗಾಲದೊಳಗೇ ಮುಗಿದವು. ಉಳಿದದ್ದು ಹೆಂಡತಿ ಸಿದ್ದಲಕ್ಷ್ಮಮ್ಮನವು. ಮದುವೆಯಲ್ಲಿ ಅವಳಪ್ಪ ಬಳುವಳಿಯಾಗಿ ಹನ್ನೆರಡು ಕುರಿ ಹೊಡೆದು ಕಳಿಸಿದ್ದ. ಹತ್ತು ವರ್ಷದಲ್ಲಿ ಅವು ಇಪ್ಪತ್ತೇಳಾಗಿದ್ದವು. ಅವರಿಗೆ ಮಕ್ಕಳಾಗಿರಲಿಲ್ಲ. ಆ ಇಪ್ಪತ್ತೇಳಕ್ಕೂ ಅವಳು ಹೆಸರಿಟ್ಟಿದ್ದಳು, ಹೆಸರು ಹಿಡಿದು ಬೈಯುತ್ತಿದ್ದಳು. ಮುನಿಯಪ್ಪ ಎಂಬ ಕುರಿ ವ್ಯಾಪಾರಿ ಸೀಸೆ ಹಿಡಿದುಕೊಂಡೇ ಹಟ್ಟಿಯ ಸುತ್ತ ಓಡಾಡುತ್ತಿದ್ದ. ಅವನ ಕೈಗೆ ಒಂದರ ಹಿಂದೆ ಒಂದು ಎಂಟು ಕುರಿ ಹೋದವು. ಎಂಟನೆಯದು ಹೋದ ದಿನ ಸಿದ್ದಲಕ್ಷ್ಮಮ್ಮ ಕೂಗಾಡಲಿಲ್ಲ.

"ಇನ್ನೊಂದು ಓದ್ರೆ ನಾನು ಇರಾಕಿಲ್ಲ ಕಣಯ್ಯ. ಉಳಿದವ್ನ ಒಡ್ಕೊಂಡು ನಮ್ಮಣ್ಣನ ತಾವ ಓಗ್ತೀನಿ," ಅಂದಳು. ಅವಳು ಒಂದು ಮಾತನ್ನು ಎರಡು ಸಲ ಹೇಳುವವಳಲ್ಲ ಎಂದು ಕುಪ್ಪಸ್ವಾಮಿಗೆ ಗೊತ್ತಿತ್ತು.

ಆಣೆ ಇಡಿಸಬಹುದಿತ್ತಲ್ಲ ಎಂದರೆ, ಅದೂ ಆಗಿತ್ತು. ಹಿಂದಿನ ವರ್ಷ ಮಾದಪ್ಪನ ಗುಡಿಯಲ್ಲಿ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ, ಇನ್ನು ಮುಟ್ಟುವುದಿಲ್ಲ ಎಂದು ಸತ್ಯ ಮಾಡಿದ್ದ. ಇಪ್ಪತ್ತನೆಯ ದಿನ ಮುಟ್ಟಿದ. ಸುಳ್ಳು ಸತ್ಯ ಮಾಡಿದವನ ಕುರಿ ಉಳಿಯುವುದಿಲ್ಲ ಎಂದು ಹಟ್ಟಿಯವರು ನಂಬುತ್ತಿದ್ದರು, ಅವನೂ ನಂಬುತ್ತಿದ್ದ. ದೇವರು ಏನು ಮಾಡುತ್ತಾನೋ ಎಂಬ ಭಯ ಅವನನ್ನು ಹಗಲೆಲ್ಲ ಹಿಂಡುತ್ತಿತ್ತು, ಆ ಭಯ ತಡೆಯಲಾರದೆ ಸಂಜೆ ಕುಡಿಯುತ್ತಿದ್ದ. ಅಲ್ಲಿಂದ ಮುಂದೆ ಅವನಿಂದ ಯಾರೂ ಆಣೆ ಕೇಳಲಿಲ್ಲ. ಮುರಿದ ಆಣೆಯ ಮೇಲೆ ಇನ್ನೊಂದು ಆಣೆ ಕೂರುವುದಿಲ್ಲ.

೧೯೭೨ರ ಬೇಸಿಗೆಯಲ್ಲಿ ಗಂಡಹೆಂಡತಿ ಹತ್ತೊಂಬತ್ತು ಕುರಿ ಹೊಡೆದುಕೊಂಡು, ದಾಯಾದಿಗಳ ಮಂದೆಯ ಜೊತೆ ಸೇಲಂ ಕಡೆ ಇಳಿದರು. ಬಿತ್ತನೆಗೆ ಮುಂಚೆ ರೈತರ ಹೊಲದಲ್ಲಿ ರಾತ್ರಿ ಮಂದೆ ಕೂರಿಸುವುದು ಅವರ ಕಸುಬು. ಹೊಲಕ್ಕೆ ಗೊಬ್ಬರವಾಗುತ್ತದೆ, ಹೊಲದವನು ಕುರಿಗಾರರಿಗೆ ರಾಗಿ ಕೊಡುತ್ತಾನೆ, ಎಲೆಯಡಿಕೆ ಕೊಡುತ್ತಾನೆ, ಸಂಜೆಗೆ ಒಂದು ಸೀಸೆ ಸಾರಾಯಿಯನ್ನೂ ಕಳಿಸುತ್ತಾನೆ. ಈ ಸೀಸೆ ಕೇಳಿ ಪಡೆಯುವ ವಸ್ತುವಲ್ಲ. ರಾಗಿಯಷ್ಟೇ ನ್ಯಾಯವಾಗಿ ಬರುವಂಥದ್ದು.

ಓಮಲೂರಿನ ಹೊರಗೆ ಅಣ್ಣಾಮಲೈ ಎಂಬುವನ ಕಡಲೆಕಾಯಿ ಹೊಲದಲ್ಲಿ ಮಂದೆ ಕೂತಿತು. ರಾಗಿ ಬಂತು, ಎಲೆಯಡಿಕೆಯೂ ಬಂತು. ಸಂಜೆಗೆ ಒಂದು ಚೊಂಬಿನ ತುಂಬ ಬೆಲ್ಲದ ಟೀ ಬಂತು. ಕುಪ್ಪಸ್ವಾಮಿ ಚೊಂಬಿನೊಳಗೆ ಬಗ್ಗಿ ನೋಡಿ, ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡ. ಎರಡನೆಯ ದಿನವೂ ಟೀಯೇ ಬಂದಾಗ ಅವನಿಗೆ ಮೈಯೆಲ್ಲ ಉರಿದುಹೋಯಿತು, ನೆಟ್ಟಗೆ ಅಣ್ಣಾಮಲೈಯ ಮನೆಗೇ ಹೋಗಿ ಜಗುಲಿ ಮುಂದೆ ನಿಂತ.

ಅಣ್ಣಾಮಲೈ ಐವತ್ತರ ಆಸುಪಾಸಿನ ಗೌಂಡರ್ ಜಾತಿಯ ರೈತ. ತಮಿಳು ಬಿಟ್ಟರೆ ಅವನಿಗೆ ಬೇರೆ ಭಾಷೆ ಬರುತ್ತಿರಲಿಲ್ಲ, ಕುರಿಗಾರರಿಗೆ ತಮಿಳೂ ಬರುತ್ತಿತ್ತು. ಅವನ ಮಾತನ್ನು ಇಲ್ಲಿ ಕನ್ನಡದಲ್ಲಿ ಹೇಳುವುದೇ ವಾಸಿ.

"ಉಕ್ಕಾರು ಪ್ಪಾ, ಕೂತ್ಕೊ," ಅಂದ. "ನಾನು ಸಾರಾಯಿ ಮನೆಗೆ ತರಲ್ಲ. ತಂದ್ರೆ ನಿಮಗೆ ಉಳಿಯಲ್ಲ, ನಾನೇ ಕುಡಿದುಬಿಡ್ತೀನಿ. ಮೂರೆಕರೆ ನೀರಾವರಿ ಕುಡಿದಿದೀನಿ ನಾನು."

ಕುಪ್ಪಸ್ವಾಮಿ ಜಗಳಕ್ಕೆ ಬಂದವನು. ಆ ಮಾತು ಕೇಳಿ, "ನಾನು ಎಂಡ್ತೀವು ಎಂಟು ಕುರಿ ಕುಡ್ದಿವ್ನಿ," ಅಂದುಬಿಟ್ಟ. ಅಷ್ಟು ದಿನ ಯಾರ ಮುಂದೆಯೂ ಅವನು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಅಣ್ಣಾಮಲೈ ನಗಲಿಲ್ಲ. ಭಾನುವಾರ ಮಧ್ಯಾಹ್ನ ಸಬ್ಬಕ್ಕಿ ಮಿಲ್ಲಿನ ಶೆಡ್ಡಿನಲ್ಲಿ ತನ್ನಂಥವರು ಕೆಲವರು ಸೇರುತ್ತಾರೆ, ಬೇಕಾದರೆ ಬಾ ಎಂದಷ್ಟೇ ಹೇಳಿದ.

ರಜಾ ದಿನ ಮಿಲ್ಲು ಮುಚ್ಚಿರುತ್ತಿತ್ತು. ಶೆಡ್ಡಿನ ತುಂಬ ಹುಳಿ ಹಿಡಿದ ಮರಗೆಣಸಿನ ವಾಸನೆ. ಒಳಗೆ ಗೋಣಿಚೀಲದ ಮೇಲೆ ಏಳು ಜನ ದುಂಡಗೆ ಕೂತಿದ್ದರು: ಇಬ್ಬರು ನೇಕಾರರು, ಬೆಳ್ಳಿ ಕಾಲ್ಗೆಜ್ಜೆ ಮಾಡುವವನೊಬ್ಬ, ಒಬ್ಬ ಬಸ್ ಕಂಡಕ್ಟರ್, ಹೀಗೆ. ಅವರನ್ನು ಕೂಡಿಸಿದ್ದವನು ಶಿವರಾಮನ್, ಸೇಲಂ ಜಂಕ್ಷನ್ನಿನಲ್ಲಿ ರೈಲ್ವೆ ಗಾರ್ಡಾಗಿದ್ದು ನಿವೃತ್ತನಾದವನು. ಮದ್ರಾಸಿನಲ್ಲಿ ಇಂಥದೊಂದು ಕೂಟ ನೋಡಿಬಂದು ಇಲ್ಲಿಯೂ ಶುರುಮಾಡಿದ್ದ. ಒಬ್ಬೊಬ್ಬರೇ ಎದ್ದು ನಿಂತು ಹೆಸರು ಹೇಳಿ, ತಾನು ಕುಡುಕ ಎಂದು ಹೇಳಿ, ಮಾಡಿದ ಅನಾಹುತವನ್ನು ಹೇಳಿಕೊಂಡು ಕೂರುತ್ತಿದ್ದರು. ಇವತ್ತೊಂದು ದಿನ ಮುಟ್ಟಲಿಲ್ಲ ಎನ್ನುವಲ್ಲಿಗೆ ಮಾತು ಮುಗಿಯುತ್ತಿತ್ತು. ಜನ್ಮಪೂರ್ತಿ ಮುಟ್ಟುವುದಿಲ್ಲ ಎಂದು ಯಾರೂ ಹೇಳಲಿಲ್ಲ, ಕರ್ಪೂರವನ್ನೂ ಹಚ್ಚಲಿಲ್ಲ. ಬಾಗಿಲ ಬಳಿ ಕೂತು ನೋಡುತ್ತಿದ್ದ ಕುಪ್ಪಸ್ವಾಮಿಗೆ ಜೀವ ಬಂದಂತಾಯಿತು.

ಅವನು ಅಲ್ಲಿ ಕಂಡದ್ದನ್ನು ತನ್ನ ಲೆಕ್ಕದಲ್ಲಿ ಅರ್ಥಮಾಡಿಕೊಂಡ. ಜನ ದುಂಡಗೆ ಕೂತಿದ್ದಾರೆ, ತಪ್ಪು ಮಾಡಿದವನು ಎದ್ದು ನಿಂತು ಒಪ್ಪಿಕೊಳ್ಳುತ್ತಿದ್ದಾನೆ. ಇದು ನ್ಯಾಯಪಂಚಾಯ್ತಿ ಅಲ್ಲದೆ ಮತ್ತೇನು? ಅವರ ಕುಲದಲ್ಲಿ ಹೀಗೆ ಒಪ್ಪಿಕೊಂಡವನು 'ತಪ್ಪು' ಕಟ್ಟುತ್ತಾನೆ, ಅಂದರೆ ಒಂದು ಟಗರು, ನೂರರ ಒಂದು ಕವಳೆ ವೀಳ್ಯದೆಲೆ. ಕೂಟ ಅದನ್ನು ತೆಗೆದುಕೊಂಡರೆ ಅವನು ಮತ್ತೆ ಕುಲದೊಳಗೆ. ತೆಗೆದುಕೊಳ್ಳದಿದ್ದರೆ ಅವನ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಹೊಸಬನ ಹತ್ತಿರ ಕೇಳಲು ಈ ತಮಿಳರಿಗೆ ಸಂಕೋಚ ಇರಬೇಕು ಎಂದು ಅವನು ಎರಡು ಭಾನುವಾರ ಕಾದ. ಆ ಹದಿನಾಲ್ಕು ದಿನದಲ್ಲಿ ನಾಲ್ಕು ದಿನ ಕುಡಿದ, ಹತ್ತು ದಿನ ಕುಡಿಯಲಿಲ್ಲ. ಹತ್ತು ದಿನ ಎಂದರೆ ಅವನ ಮಟ್ಟಿಗೆ ಸಣ್ಣ ಮಾತಲ್ಲ.

ಮೂರನೆಯ ಭಾನುವಾರ, ಸಿದ್ದಲಕ್ಷ್ಮಮ್ಮ ರಾಗಿ ತರಲು ಹೋಗಿದ್ದ ಹೊತ್ತಿನಲ್ಲಿ, ಅವಳ ಮಂದೆಯಿಂದ ಒಂದು ಟಗರುಮರಿಯನ್ನು ಹೆಗಲಿಗೇರಿಸಿಕೊಂಡು ಹೊರಟ. ಹೇಳಿ ಹೋಗಬಹುದಿತ್ತು. ಬಂದ ಮೇಲೆ ಹೇಳಿದರಾಯಿತು, ತಪ್ಪು ಕಟ್ಟಿ ಶುದ್ಧವಾಗಿ ಬಂದವನ ಮೇಲೆ ಅವಳು ರೇಗುವುದಿಲ್ಲ ಎಂದುಕೊಂಡ. ಆ ಮನುಷ್ಯನ ಬುದ್ಧಿ ಹಾಗಿತ್ತು.

ಶೆಡ್ಡಿನೊಳಗೆ ಮರಿಯನ್ನು ಇಳಿಸಿ, ಅದರ ಮುಂದೆ ವೀಳ್ಯದೆಲೆ ಇಟ್ಟು, ಕೈಮುಗಿದು ನಿಂತ. ಮರಿ ಎರಡು ಎಲೆ ತಿಂದು, ಕಂಡಕ್ಟರನ ಚೀಲಕ್ಕೆ ಬಾಯಿ ಹಾಕಿತು. ಗೆಜ್ಜೆ ಮಾಡುವವನಿಗೆ ನಗು ತಡೆಯಲಾಗಲಿಲ್ಲ. ಶಿವರಾಮನ್ ಕನ್ನಡಕ ತೆಗೆದು ಒರೆಸಿಕೊಂಡು, ಇಲ್ಲಿ ದಂಡ ಗಿಂಡ ಏನೂ ಇಲ್ಲ, ಮರಿಯನ್ನು ವಾಪಸ್ ಒಯ್ಯಪ್ಪಾ ಎಂದು ಮೆತ್ತಗೆ ಹೇಳಿದ.

ಕುಪ್ಪಸ್ವಾಮಿಯ ಮುಖ ಕಪ್ಪಿಟ್ಟಿತು. "ನನ್ ತಪ್ಪು ತಗಳಾಕಿಲ್ಲ ಅಂತೀರಾ? ಅಂಗಾರೆ ನನ್ನ ಸೇರಿಸ್ಕಳಾಕಿಲ್ಲ ಅಂತಾ ನೇರವಾಗಿ ಯೋಳ್ಬಿಡಿ!" ಎಂದು ಕನ್ನಡದಲ್ಲೇ ಕೂಗಿದ. ಕೂಟಕ್ಕೆ ಅವನ ಭಾಷೆ ಅರ್ಧ ತಿಳಿಯಿತು, ಸಂಕಟ ಪೂರ್ತಿ ತಿಳಿಯಿತು. ಅಷ್ಟರಲ್ಲಿ ಅಣ್ಣಾಮಲೈ ಎದ್ದುಬಂದು, ಮರಿ ತಿಂದು ಬಿಟ್ಟ ಎಲೆಗಳಲ್ಲಿ ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡ. "ನಮಗೆ ಎಲೆ ಸಾಕು. ಮರಿ ನಿನ್ನ ಹೆಂಡತೀದು," ಅಂದ. ಅವನನ್ನು ನೋಡಿ ಉಳಿದವರೂ ಒಂದೊಂದು ಎಲೆ ಅಗಿದರು. ಕುಪ್ಪಸ್ವಾಮಿ ಮೊದಲ ಸಲ ದುಂಡಿನೊಳಗೆ ಕೂತ. ಸರದಿ ಬಂದಾಗ ಎದ್ದು ಬಹಳ ಹೊತ್ತು ಮಾತಾಡಿದ. ಮುಗಿಯುವಾಗ ಹೊತ್ತು ಮುಳುಗುತ್ತಿತ್ತು.

ಹೊಲಕ್ಕೆ ಬಂದಾಗ ಸಿದ್ದಲಕ್ಷ್ಮಮ್ಮ ಗಂಟುಮೂಟೆ ಕಟ್ಟಿ ಮುಗಿಸಿದ್ದಳು. ಹೆಗಲ ಮೇಲಿದ್ದ ಮರಿಯನ್ನು ಕಿತ್ತುಕೊಂಡು ಮಂದೆಗೆ ಬಿಟ್ಟಳು.

"ಕೂಟಕ್ಕೆ ತಪ್ಪು ಕಟ್ಟಾಕೆ ಒಯ್ದಿದ್ದೆ ಕಣಮ್ಮಿ. ಅವ್ರು ಬ್ಯಾಡ ಅಂದ್ರು," ಅಂದ ಅವನು.

"ಯಾವ ಕೂಟ?"

"ಕುಡುಕರ ಕೂಟ. ಕುಡಿಯೋದು ಬಿಡೋರ್ದು."

"ಮರಿ ಕೊಟ್ರೆ ಬ್ಯಾಡ ಅನ್ನೋ ಕುಡುಕ್ರು ಯಾವ ಊರಾಗವ್ರೆ?" ಅಂದಳು. ಅವನ ಬಾಯಲ್ಲಿ ಸಾರಾಯಿ ವಾಸನೆ ಇರಲಿಲ್ಲ. ವ್ಯಾಪಾರ ಕುದುರಲಿಲ್ಲ, ಅದಕ್ಕೇ ಮರಿ ವಾಪಸ್ ಬಂತು ಎಂದು ಅವಳು ಅರ್ಥ ಮಾಡಿಕೊಂಡಳು. ಎಂಟು ಸಲ ಮೋಸ ಹೋದವಳು ಮತ್ತೆ ಹೇಗೆ ಅರ್ಥ ಮಾಡಿಕೊಂಡಾಳು? ಬೆಳಕು ಹರಿಯುವ ಮೊದಲೇ ಹತ್ತೊಂಬತ್ತು ಕುರಿ ಹೊಡೆದುಕೊಂಡು ಮೇಚ್ಚೇರಿ ಕಡೆಯ ಅಣ್ಣನ ಊರಿಗೆ ಹೊರಟುಹೋದಳು.

ದಾಯಾದಿಗಳು ಮುಂದಿನ ಹೊಲಕ್ಕೆ ಹೋದರು. ಕುರಿ ಇಲ್ಲದ ಕುರಿಗಾರನನ್ನು ಕರೆದುಕೊಂಡು ಹೋಗಿ ಅವರೇನು ಮಾಡಬೇಕು? ಅಣ್ಣಾಮಲೈ ಅವನನ್ನು ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುವ ಕೆಲಸಕ್ಕೆ ಇಟ್ಟುಕೊಂಡ. ಎತ್ತಿನ ಹಿಂದೆ ಬಾವಿಗೂ ದಿಬ್ಬಕ್ಕೂ ನಡೆಯುತ್ತ ಅವನು ಹನ್ನೊಂದು ತಿಂಗಳು ಕಳೆದ. ಮೊದಮೊದಲು ಎರಡು ಸಲ ಮತ್ತೆ ಕುಡಿತಕ್ಕೆ ಜಾರಿ ಬಿದ್ದ. ಎರಡು ಸಲವೂ ಮುಂದಿನ ಭಾನುವಾರ ಶೆಡ್ಡಿಗೆ ಹೋಗಿ ಅದನ್ನು ಹೇಳಿದ. ಬೈಯುತ್ತಾರೆಂದು ಕಾದ. ಯಾರೂ ಬೈಯಲಿಲ್ಲ; ಕಂಡಕ್ಟರ್ ಮಾತ್ರ ತಾನೂ ಬುಧವಾರ ಬಿದ್ದೆ ಅಂದ. ತಮಿಳರ ಆಡಿ, ಅಂದರೆ ಆಷಾಢ, ಕಳೆದ ಮೇಲೆ ಕುಪ್ಪಸ್ವಾಮಿ ಬೀಳಲಿಲ್ಲ.

ಆದರೆ ಕೂಟದ ಮೇಲೆ ಅವನಿಗೊಂದು ಆಕ್ಷೇಪ ಇದ್ದೇ ಇತ್ತು, ಒಂದು ದಿನ ಅದನ್ನು ಎದ್ದು ನಿಂತು ಹೇಳಿಯೂಬಿಟ್ಟ. ಇದೆಂಥ ನ್ಯಾಯ? ತಪ್ಪು ಮಾಡಿದವನೇ ಹೇಳುತ್ತಾನೆ, ತಪ್ಪು ಮಾಡಿದವರೇ ಕೇಳುತ್ತಾರೆ. ಅನ್ಯಾಯ ಆದವರನ್ನು ಕರೆದು ಕೂರಿಸುವುದು ಬೇಡವೇ? ತಮ್ಮ ಕುಲದಲ್ಲಿ ಅವರ ಮಾತು ಮುಗಿಯದೆ ಯಾರೂ ಎದ್ದು ಹೋಗುವ ಹಾಗಿಲ್ಲ. ಶಿವರಾಮನ್ ಒಪ್ಪಲಿಲ್ಲ. ಇದು ನ್ಯಾಯಪಂಚಾಯ್ತಿ ಅಲ್ಲ, ಇಲ್ಲಿ ಮಾತಾಡುವವರು ಕುಡುಕರು ಮಾತ್ರ, ಮದ್ರಾಸಿನಲ್ಲೂ ಹಾಗೇ ಎಂದ. ಮೂರು ವಾರ ಇದೇ ಜಗಳ ನಡೆಯಿತು. ರೈಲ್ವೆಯಲ್ಲಿ ಮೂವತ್ತು ವರ್ಷ ರೂಲ್ ಪ್ರಕಾರ ಬಾವುಟ ಬೀಸಿದವನನ್ನು ಅಲ್ಲಾಡಿಸುವುದು ಸುಲಭವಲ್ಲ. ಕಡೆಗೆ ಅಣ್ಣಾಮಲೈ, "ನನ್ನ ಮೂರೆಕರೆ ವಿಚಾರ ಪೂಂಗೊಡಿಗೆ ನನಗಿಂತ ಚೆನ್ನಾಗಿ ಗೊತ್ತು," ಅಂದ. ಪೂಂಗೊಡಿ ಅವನ ಹೆಂಡತಿ. ಆ ಮಾತಿನ ಮೇಲೆ ಅನ್ಯಾಯ ಆದವರನ್ನೂ ಕರೆಸಲು ಎಲ್ಲರೂ ಒಪ್ಪಿದರು, ಶಿವರಾಮನ್ ಕೂಡ.

ಸಿದ್ದಲಕ್ಷ್ಮಮ್ಮನನ್ನು ಕರೆತರಲು ಹೋದವಳೂ ಪೂಂಗೊಡಿಯೇ. ಗಂಡನ ಮಾತೆತ್ತಿದರೆ ಆ ಹೆಂಗಸು ಬಾಗಿಲು ಹಾಕಿಕೊಳ್ಳುತ್ತಾಳೆಂದು ಅವಳಿಗೆ ಹೊಳೆದಿತ್ತು. ಅದಕ್ಕೆ ಹೊಲಕ್ಕೆ ಗೊಬ್ಬರ ಬೇಕು, ಮಂದೆ ತಂದು ಕೂರಿಸಿ, ಒಂದೂವರೆ ಪಾಲು ರಾಗಿ ಕೊಡುತ್ತೇವೆ ಎಂದಳು. ೧೯೭೩ರ ಪಂಗುನಿ ತಿಂಗಳಲ್ಲಿ, ಬೇಸಿಗೆ ಶುರುವಿಗೆ, ಸಿದ್ದಲಕ್ಷ್ಮಮ್ಮ ಅಣ್ಣನ ಮಂದೆಯ ಜೊತೆ ತನ್ನ ಕುರಿ ಹೊಡೆದುಕೊಂಡು ಮತ್ತೆ ಅದೇ ಹೊಲಕ್ಕೆ ಬಂದಳು. ಕಪಿಲೆಯ ಬಳಿ ಗಂಡನನ್ನು ಕಂಡಳು, ಮಾತಾಡಿಸಲಿಲ್ಲ. ಒಂದು ವಾರ ಅವನು ಸಂಜೆ ಹೊತ್ತು ಎಲ್ಲಿಗೆ ಹೋಗುತ್ತಾನೆ ಎಂದು ದೂರದಿಂದ ನೋಡಿದಳು. ಅವನು ಎತ್ತುಗಳಿಗೆ ಹುಲ್ಲು ಹಾಕಿ ಅಲ್ಲೇ ಮಲಗುತ್ತಿದ್ದ. ಎಂಟನೆಯ ದಿನ ಪೂಂಗೊಡಿ ಕೂಟದ ವಿಷಯ ಹೇಳಿದಾಗ, "ಅಂಥದ್ದೊಂದು ನಿಜವಾಗ್ಲೂ ಐತಾ?" ಎಂದು ಸಿದ್ದಲಕ್ಷ್ಮಮ್ಮ ಬೆರಗಾದಳು. ಮರುದಿನ ಭಾನುವಾರ. ಪೂಂಗೊಡಿಯ ಹಿಂದೆಯೇ ಅವಳೂ ಶೆಡ್ಡಿಗೆ ಬಂದಳು.

ಕೂತ್ಕೊಳ್ಳಮ್ಮಾ ಎಂದರೂ ಕೂರಲಿಲ್ಲ. ಬಾಗಿಲಲ್ಲಿ ನಿಂತೇ ಮಾತಾಡಿದಳು, ಅಂಗಡಿಯವನಿಗೆ ಸಾಮಾನು ಹೇಳುವ ಧ್ವನಿಯಲ್ಲಿ.

"ಎಂಟು ಕುರಿ. ಚುಕ್ಕಿ. ಮೋಟುಬಾಲ. ಕರಿಮೋರೆ, ಅದು ತುಂಬು ಗಬ್ಬದ್ ಕುರಿ. ಬೋಳಿ. ಕೆಂಚಿ, ಅದ್ರ ಮಗ್ಳು ಸಣ್ಣಕೆಂಚಿ. ಕುಂಟಿ. ಕೊನೇದು ಗೌರಿ. ನಮ್ಮಪ್ಪ ಕೊಟ್ಟಿದ್ದ ಅನ್ನೆರಡ್ರಲ್ಲಿ ಉಳಿದಿದ್ದುದು ಅದೊಂದೇಯ. ನಮ್ಮಪ್ಪ ಸತ್ತಾಗ್ಲೂ ನಾನು ಅಷ್ಟು ಅತ್ತಿರ್ಲಿಲ್ಲ."

ಕುಪ್ಪಸ್ವಾಮಿ ನೆಲ ನೋಡುತ್ತ ಕೂತಿದ್ದ. ಎಂಟು ಎಂಬ ಸಂಖ್ಯೆಯನ್ನು ಅವನು ಶೆಡ್ಡಿನಲ್ಲಿ ನಲವತ್ತು ಸಲ ಹೇಳಿದ್ದ. ಒಂದರ ಹೆಸರನ್ನೂ ಹೇಳಿರಲಿಲ್ಲ.

ಈಗ ಏನು ಮಾಡೋಣ ಹೇಳಮ್ಮಾ ಎಂದು ಶಿವರಾಮನ್ ಕೇಳಿದ. ನ್ಯಾಯ ಅಲ್ಲ ಎನ್ನುತ್ತಿದ್ದವನ ಬಾಯಿಂದಲೇ ಆ ಪ್ರಶ್ನೆ ಬಂತು.

"ಬುಧವಾರ ನಮ್ಮಣ್ಣನ ಮಗಳಿಗೆ ಆರತಿ, ದೊಡ್ಡೋಳಾಗವ್ಳೆ. ನಾಕು ದಿನ ಎಲ್ಲಾರೂ ಊರಿಗೋಗ್ತೀವಿ. ನಮ್ಮಣ್ಣನ ಕುರಿ ಅಣ್ಣನೇ ಒಡ್ಕೊಂಡೋಗ್ತಾನೆ. ನನ್ನವು ಇವನ ತಾವ ಬಿಟ್ಟೋಗ್ತೀನಿ," ಅಂದಳು. "ಬಂದು ನೋಡಿ, ಆಮ್ಯಾಕೆ ಯೋಳ್ತೀನಿ."

ಹೀಗೆ ಹತ್ತೊಂಬತ್ತು ಕುರಿ, ಆ ವರ್ಷ ಹುಟ್ಟಿದ ಐದು ಮರಿ ಕುಪ್ಪಸ್ವಾಮಿಯ ಕೈಗೆ ಬಂದವು. ಮೊದಲೆರಡು ದಿನ ಚೆನ್ನಾಗಿಯೇ ಹೋಯಿತು. ಮೂರನೆಯ ದಿನ ಮಧ್ಯಾಹ್ನ ಮುನಿಯಪ್ಪ ಬಂದ. ಹೆಂಡತಿ ಊರಲ್ಲಿಲ್ಲ ಎನ್ನುವ ಸುದ್ದಿ ಇಂಥವರಿಗೆ ಗಾಳಿಯಲ್ಲೇ ಸಿಗುತ್ತದೆ. ಕುಶಲ ವಿಚಾರಿಸಿ, ಹುಣಸೆಮರದ ನೆರಳಲ್ಲಿ ಕೂತು, ಸೀಸೆಯ ಬಿರಡೆ ತೆಗೆದು ಪಕ್ಕದಲ್ಲಿಟ್ಟ.

"ಕುರಿ ಮಾತು ಆಮೇಲೆ ಮಾವಾ. ಬಿಸ್ಲು ಜಾಸ್ತಿ ಐತೆ, ಒಂದ್ ಗುಟುಕು ಆಕ್ಕೊ," ಅಂದ.

ವಾಸನೆ ಮೂಗಿಗೆ ಬಡಿಯಿತು. ಎಂಟು ತಿಂಗಳು ಸುಮ್ಮನಿದ್ದ ನಾಲಿಗೆಯಲ್ಲಿ ನೀರೂರಿತು. ಕುಪ್ಪಸ್ವಾಮಿಗೆ ಕುಡಿಯಬೇಕು ಅನ್ನಿಸಿತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಇಪ್ಪತ್ತನಾಲ್ಕರಲ್ಲಿ ಒಂದು ಮರಿ ಕಡಿಮೆಯಾದರೆ ನರಿ ಹಿಡಿಯಿತು ಎನ್ನಬಹುದು ಎಂಬ ಲೆಕ್ಕವೂ ತಲೆಯಲ್ಲಿ ತಾನಾಗಿಯೇ ನಡೆದುಹೋಯಿತು. ಆ ಲೆಕ್ಕ ಅಷ್ಟು ಸಲೀಸಾಗಿ ಬಂದದ್ದು ಕಂಡು ಅವನಿಗೆ ತನ್ನ ಮೇಲೇ ಹೆದರಿಕೆಯಾಯಿತು. ಮುನಿಯಪ್ಪನಿಗೆ ಬುದ್ಧಿ ಹೇಳಲಿಲ್ಲ, ಸೀಸೆ ಒದೆಯಲಿಲ್ಲ. ಎದ್ದು, ಬಿಸಿಲಲ್ಲೇ ಕುರಿಗಳನ್ನು ಎಬ್ಬಿಸಿ, ಹಿಂತಿರುಗಿ ನೋಡದೆ ಅಣ್ಣಾಮಲೈಯ ಮನೆ ಅಂಗಳಕ್ಕೆ ಹೊಡೆದುಕೊಂಡು ಹೋದ. ಅಂಗಳದ ತುಂಬ ಕುರಿ. ಪೂಂಗೊಡಿ ಒಣಹಾಕಿದ್ದ ಮೆಣಸಿನಕಾಯಿ ಕಾಲಡಿಗೆ ಸಿಕ್ಕಿ ಹಾಳಾಯಿತು.

"ನಾನು ಒಬ್ಬನೇ ಇರಾಕಾಗಲ್ಲ," ಅಂದ ಕುಪ್ಪಸ್ವಾಮಿ. ಅಣ್ಣಾಮಲೈ ಏನೂ ಕೇಳದೆ ಟವೆಲು ಹೆಗಲಿಗೆ ಹಾಕಿಕೊಂಡು ಬಂದ. ಉಳಿದ ಒಂದೂವರೆ ದಿನ ಒಬ್ಬ ಕುರಿ ಕಾದ, ಇನ್ನೊಬ್ಬ ಕುರಿ ಕಾಯುವವನನ್ನು ಕಾದ.

ಭಾನುವಾರ ಅಣ್ಣಾಮಲೈ ಮಂದೆಯ ಬಳಿ ಉಳಿದು ಕುಪ್ಪಸ್ವಾಮಿಯನ್ನು ಶೆಡ್ಡಿಗೆ ಕಳಿಸಿದ. ಅವನು ಮುನಿಯಪ್ಪ ಬಂದದ್ದನ್ನು, ಮನಸ್ಸಿನಲ್ಲಿ ಬಂದ ನರಿಯ ಲೆಕ್ಕವನ್ನು, ಒಂದೂ ಬಿಡದೆ ಹೇಳುತ್ತಿದ್ದಾಗ ಬಾಗಿಲಲ್ಲಿ ಸಿದ್ದಲಕ್ಷ್ಮಮ್ಮ ಕಾಣಿಸಿದಳು. ಬಸ್ಸಿಳಿದು ಮೊದಲು ಹೊಲಕ್ಕೆ ಹೋಗಿ ಬಂದಿದ್ದಳು, ಕಾಲೆಲ್ಲ ಕೆಮ್ಮಣ್ಣು. ಎಷ್ಟು ಹೊತ್ತಿನಿಂದ ನಿಂತು ಕೇಳುತ್ತಿದ್ದಳೋ ಗೊತ್ತಿಲ್ಲ. ಕುಪ್ಪಸ್ವಾಮಿಯ ಮಾತು ಅರ್ಧಕ್ಕೇ ನಿಂತಿತು.

"ಎಲ್ಲಾ ಅವೆ," ಎಂದಳು ಕೂಟಕ್ಕೆ. ಆಮೇಲೆ ಅವಳು ಗಂಡನ ಕಡೆ ತಿರುಗಿದಳು. ಒಂದು ವರ್ಷದಲ್ಲಿ ಅವನ ಮುಖ ನೋಡಿ ಆಡಿದ ಮೊದಲ ಮಾತು ಅದು.

"ನಿಂದು ಮುಗಿಸ್ಕೊಂಡು ಬಿರ್ನೆ ಬಾ. ಮುದ್ದೆ ಆರೋಯ್ತದೆ."